ಬಾಯಿ ಬಿಟ್ಟು ಮಲಗುವ ಮಗು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಹೆಸರನ್ನು ಕೇಳದವರು ವಿರಳ. ವಯನಾಡಿನ ಬೆಟ್ಟಗಳಿಂದ ಇಳಿದುಬರುವ ಕಪಿಲೆಯನ್ನು ತಡೆದು ನಿಲ್ಲಿಸಿ, 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ಇರುವುದು ಅಲ್ಲಿಯೇ. ಕಳೆದ ವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೊಡನೆ ಏಳು ದಿನಗಳ ಶಿಬಿರಕ್ಕೆಂದು ಅಲ್ಲಿಗೆ ಹೋಗಿದ್ದೆ. ಅಣೆಕಟ್ಟನ್ನು ಕಂಡು ಕಣ್ಣು ತುಂಬಿತು, ನಿಜ. ಆದರೆ ಹಿಂತಿರುಗಿ ಬರುವಾಗ ಮನಸ್ಸಿನಲ್ಲಿ ಉಳಿದಿದ್ದುದು ಒಂಬತ್ತು ವರ್ಷದ ಒಬ್ಬ ಹುಡುಗನ ಮುಖ.

ಸಂಜೆ ಬಯಲಿನಲ್ಲಿ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಈ ಹುಡುಗನ ಕೈಕಾಲುಗಳಲ್ಲಿ ಯಾವ ಊನವೂ ಕಾಣುತ್ತಿರಲಿಲ್ಲ. ಆದರೆ ಗೆರೆ ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದಮ್ಮು ಮುಗಿದು ಹೋಗುತ್ತಿತ್ತು. ಹೊರಗೆ ಬಂದು ಕುಳಿತರೆ, ಆಟ ಮುಗಿದ ಮೇಲೆಯೂ ಅವನ ಬಾಯಿ ಮುಚ್ಚುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬ ಅವನ ಊರು ಯಾವುದೆಂದು ಕೇಳಿದ.

“ದಬ್ಬೂರು ಬೀಚದಹಳ್ಳಿ” ಎಂದ ಹುಡುಗ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಾಗುತ್ತದೆ. ನಗದಿದ್ದವರು ಶಿಬಿರಕ್ಕೆ ಬಂದಿದ್ದ ವೈದ್ಯೆಯೊಬ್ಬರು ಮಾತ್ರ. ಅವರು ಹುಡುಗನನ್ನು ಹತ್ತಿರ ಕರೆದು, ಬಾಯಿ ಮುಚ್ಚಿಸಿ, ತಣ್ಣನೆಯ ಸ್ಟೀಲು ತಟ್ಟೆಯೊಂದನ್ನು ಮೂಗಿನ ಕೆಳಗೆ ಹಿಡಿದರು. ಎರಡು ಹೊಳ್ಳೆಗಳಿಂದಲೂ ಉಸಿರು ಸರಾಗವಾಗಿ ಬಂದರೆ ತಟ್ಟೆಯ ಮೇಲೆ ಎರಡು ಕಡೆ ಮಂಜು ಕಟ್ಟಬೇಕು. ಇಲ್ಲಿ ಮಂಜು ಕಂಡೂ ಕಾಣದಂತಿತ್ತು.

“ಮೇಷ್ಟ್ರೇ, ಈ ಮಗುವಿಗೆ ‘ನ’ ಹೇಳೋಕೆ ಬರೋದಿಲ್ಲ ಅಂತಲ್ಲ. ಮೂಗು ಬಿಡ್ತಾ ಇಲ್ಲ, ಅಷ್ಟೆ” ಎಂದರು.

ಕನ್ನಡ ಪಾಠ ಹೇಳುವ ನನಗೆ ಆ ಮಾತು ಚುರುಕು ಮುಟ್ಟಿಸಿತು. ಪ್ರತಿ ವರ್ಗದ ಐದನೆಯ ಅಕ್ಷರ ಅನುನಾಸಿಕವೆಂದು ವರ್ಷ ವರ್ಷವೂ ಬೋಧಿಸುವವನು ನಾನು. ಮೂಗಿನ ದಾರಿ ಕಟ್ಟಿದರೆ ‘ನ’ಕಾರ ‘ದ’ಕಾರವಾಗುತ್ತದೆ, ‘ಮ’ಕಾರ ‘ಬ’ಕಾರವಾಗುತ್ತದೆ. ‘ಅಮ್ಮ’ ಎನ್ನಬೇಕಾದ ಮಗು ‘ಅಬ್ಬ’ ಎನ್ನುತ್ತದೆ. ಇಂಥ ಮಗುವನ್ನು ಕಂಡು “ಮೂಗಿನಲ್ಲಿ ಮಾತಾಡುತ್ತದೆ” ಎನ್ನುತ್ತೇವೆ. ನಿಜಕ್ಕೂ ಅದರ ಮಾತಿನಲ್ಲಿ ಇಲ್ಲದಿರುವುದೇ ಮೂಗು!

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಮೈಸೂರಿನ ಮನೆಯಲ್ಲಿ ನನ್ನ ಎಂಟು ವರ್ಷದ ಮಗಳೂ ‘ಅಬ್ಬ’ ಎನ್ನುತ್ತಿದ್ದಳು. ಅದನ್ನು ಮುದ್ದುಮಾತೆಂದು ನಾವು ಬಗೆದಿದ್ದೆವು.

ಮೂಗೆಂಬ ತೂಬು

ಮೂಗು ಬರಿಯ ಕೊಳವೆಯಲ್ಲ. ಒಳಹೋಗುವ ಗಾಳಿಯನ್ನು ಅದು ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ, ದೂಳನ್ನು ಸೋಸುತ್ತದೆ. ಮೂಗಿನ ಸುತ್ತಲಿನ ಎಲುಬಿನ ಗೂಡುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೇರಳವಾಗಿ ಹುಟ್ಟುವುದೆಂದು 1995ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಉಸಿರಿನೊಡನೆ ಶ್ವಾಸಕೋಶವನ್ನು ಸೇರುವ ಈ ಅನಿಲ ಅಲ್ಲಿಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಾಯಿಯಿಂದ ಉಸಿರಾಡುವವರಿಗೆ ಇವೆಲ್ಲ ಬಹುಮಟ್ಟಿಗೆ ನಷ್ಟ.

ನಮ್ಮ ಸೀಮೆಯ ಕೆರೆಗಳನ್ನು ನೆನೆಯಿರಿ. ದಿನನಿತ್ಯದ ನೀರು ಹರಿಯುವುದು ತೂಬಿನಿಂದ; ಮಳೆ ಹೆಚ್ಚಾದಾಗ ಮಾತ್ರ ಕೋಡಿ ಬೀಳುತ್ತದೆ. ಮೂಗು ತೂಬು, ಬಾಯಿ ಕೋಡಿ. ಓಟದ ಪಂದ್ಯದಲ್ಲಿ ಬಾಯಿ ತೆರೆದು ಉಸಿರಾಡುವುದು ಯಾರಿಗಾದರೂ ಸಹಜವೇ. ಆದರೆ ಸುಮ್ಮನೆ ಕುಳಿತಾಗಲೂ, ಮಲಗಿದಾಗಲೂ ಕೋಡಿಯೇ ಹರಿಯುತ್ತಿದ್ದರೆ ತೂಬು ಕಟ್ಟಿದೆಯೆಂದು ತಿಳಿಯಬೇಕು. ಅಂಥ ಮಗುವಿನ ಬಾಯಿ ಒಣಗುತ್ತದೆ, ಹಲ್ಲು ಹುಳುಕಾಗುತ್ತದೆ, ಕುತ್ತಿಗೆ ಮುಂದೆ ಬಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಮುಖ ಉದ್ದವಾಗಿ ಮೇಲಿನ ಹಲ್ಲುಗಳು ಮುಂಚಾಚುವುದೂ ಉಂಟು. ಉಬ್ಬಸದ ಮಗುವಾದರಂತೂ ಬಾಯಿಯಿಂದ ಒಳಬರುವ ಒಣಗಾಳಿಯೇ ಆಟದ ನಡುವೆ ಎದೆ ಬಿಗಿಯುವಂತೆ ಮಾಡಬಹುದು.

ತೂಬು ಕಟ್ಟುವುದೇಕೆ? ಮೂಗಿನ ಹಿಂಭಾಗದಲ್ಲಿ, ಕಿರುನಾಲಗೆಯ ಮೇಲ್ಗಡೆ, ಅಡಿನಾಯ್ಡ್ ಎಂಬ ಮೆದುವಾದ ಮಾಂಸದ ಗಂಟೊಂದಿದೆ. ಎಳೆಯ ವಯಸ್ಸಿನಲ್ಲಿ ಅದು ಬೆಳೆದು, ಹರೆಯದ ಹೊತ್ತಿಗೆ ಕುಗ್ಗುತ್ತದೆ. ಕೆಲವು ಮಕ್ಕಳಲ್ಲಿ ಅದು ಅತಿಯಾಗಿ ಊದಿ ದಾರಿಯನ್ನೇ ಮುಚ್ಚುತ್ತದೆ. ಇನ್ನು ಕೆಲವರಿಗೆ ಕಾರಣ ಅಲರ್ಜಿ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಸೀಮೆಗಳಲ್ಲಿ ವರ್ಜಿನಿಯಾ ತಂಬಾಕನ್ನು ಹದಮಾಡುವ ಬ್ಯಾರನ್ನುಗಳು ಸೌದೆಯ ಬೆಂಕಿಯಲ್ಲಿ ಹಗಲಿರುಳೂ ಕಾಯುವ ದಿನಗಳಿವೆ. ಆ ಹೊಗೆ ಎಳೆಯ ಮೂಗಿಗೆ ಹಿತವಲ್ಲ. ಪಟ್ಟಣದವರಾದ ನಾವೂ ಬೀಗುವಂತಿಲ್ಲ. ರಸ್ತೆಯ ದೂಳು, ಸೊಳ್ಳೆಬತ್ತಿ, ತಂದೆಯ ಸಿಗರೇಟು, ಹಾಸಿಗೆಯಲ್ಲಿ ಅಡಗಿರುವ ಕಣ್ಣಿಗೆ ಕಾಣದ ಹುಳು, ಎಲ್ಲವೂ ನಮ್ಮ ಮನೆಯೊಳಗೇ ಇವೆ.

ದಡ್ಡತನವೋ, ಕಿವಿಯೋ?

ಡೆನ್ಮಾರ್ಕಿನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಈ ಗಂಟಿನ ಉಪದ್ರವವನ್ನು ಮೊದಲಿಗೆ ವಿವರವಾಗಿ ಬರೆದರು. ಅವರು ಗಮನಿಸಿದ್ದು ಬರಿಯ ಉಸಿರನ್ನಲ್ಲ. ಕಿವಿ ಮಂದವಾಗುವುದನ್ನೂ, ಮಾತು ಸತ್ತಂತಾಗುವುದನ್ನೂ ಕಂಡಿದ್ದರು. ಕಿವಿಯ ಒಳಭಾಗಕ್ಕೆ ಗಾಳಿ ಒಯ್ಯುವ ನಾಳದ ಬಾಯಿ ಇರುವುದು ಈ ಗಂಟಿನ ಮಗ್ಗುಲಲ್ಲಿಯೇ. ಆ ನಾಳ ಕೆಲಸಗೆಟ್ಟರೆ ಕಿವಿದಮಟೆಯ ಹಿಂದೆ ನೀರು ನಿಲ್ಲುತ್ತದೆ. ನೋವಿಲ್ಲದೆ, ಸದ್ದಿಲ್ಲದೆ ಕೇಳ್ಮೆ ಕುಗ್ಗುತ್ತದೆ.

ಇದರ ಜೊತೆಗೆ ಕೆಟ್ಟ ನಿದ್ರೆ. ರಾತ್ರಿಯೆಲ್ಲ ಗೊರಕೆ ಹೊಡೆದು, ಉಸಿರಿಗಾಗಿ ಹೊರಳಾಡಿದ ಮಗು ಬೆಳಗ್ಗೆ ಪಾಠದಲ್ಲಿ ಮನಸ್ಸಿಡುವುದು ಹೇಗೆ? 1998ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಗೋಜಾಲ್, ಒಂದನೆಯ ತರಗತಿಯಲ್ಲಿ ತೀರ ಹಿಂದುಳಿದಿದ್ದ 297 ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ 54 ಮಕ್ಕಳಿಗೆ ನಿದ್ರೆಯಲ್ಲಿ ಉಸಿರಾಟ ಏರುಪೇರಾಗುತ್ತಿತ್ತು. ಟಾನ್ಸಿಲ್, ಅಡಿನಾಯ್ಡ್‌ಗಳ ಶಸ್ತ್ರಚಿಕಿತ್ಸೆ ಪಡೆದ 24 ಮಕ್ಕಳ ಅಂಕಗಳು ಮರುವರ್ಷ ಮೇಲೇರಿದವು. ಚಿಕಿತ್ಸೆ ಬೇಡವೆಂದವರ ಮಕ್ಕಳಲ್ಲಿ ಆ ಏರಿಕೆ ಕಾಣಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯೇ ಸಂಜೀವಿನಿಯೆಂದು ಹಿಗ್ಗಬಾರದು. 2013ರಲ್ಲಿ ಪ್ರಕಟವಾದ, 464 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ನಿದ್ರೆ, ನಡವಳಿಕೆಗಳು ಸುಧಾರಿಸಿದುವಾದರೂ, ಏಕಾಗ್ರತೆಯ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕಷ್ಟದ ಉಸಿರನ್ನು ಸುಗಮ ಮಾಡಬಹುದು. ಅಂಕಪಟ್ಟಿಗೆ ಖಾತರಿ ಕೊಡಲಾಗದು.

ಮನೆಯ ಮಾತು

ಶಿಬಿರ ಮುಗಿಸಿ ಬಂದ ರಾತ್ರಿ ಮಗಳ ಹಾಸಿಗೆಯ ಬಳಿ ಕುಳಿತೆ. ಬಾಯಿ ತೆರೆದಿತ್ತು, ದಿಂಬು ಒದ್ದೆಯಾಗಿತ್ತು, ಕತ್ತು ಹಿಂದಕ್ಕೆ ಚಾಚಿತ್ತು. ಒಮ್ಮೆ ಉಸಿರು ನಿಂತು, ಬೆಚ್ಚಿದಂತೆ ಮತ್ತೆ ಬಂತು. ಉಕ್ತಲೇಖನದಲ್ಲಿ ತಪ್ಪು ಬರೆದಳೆಂದು ಇದೇ ಮಗುವಿನ ಬೆನ್ನಿಗೆ ಗುದ್ದಿದ್ದೆ. “ಬಾಯಿ ಬಿಟ್ಟುಕೊಂಡು ಕೂತಿರ್ತೀಯಲ್ಲ, ಪೆದ್ದಿ” ಎಂದು ದಿನವೂ ಗದರಿಸಿದ್ದೆ.

1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲಿಯೇ ಇದೆ. ಅಲ್ಲಿ ಪರೀಕ್ಷಿಸಿದಾಗ ಎರಡೂ ಕಿವಿಗಳಲ್ಲಿ ನೀರು ನಿಂತಿರುವುದು ತಿಳಿಯಿತು. ಅವಳು ತಪ್ಪು ಬರೆಯುತ್ತಿರಲಿಲ್ಲ. ತನಗೆ ಕೇಳಿಸಿದುದನ್ನು ಸರಿಯಾಗಿಯೇ ಬರೆಯುತ್ತಿದ್ದಳು. ಮೂರು ತಿಂಗಳು ಔಷಧಿ ಕೊಟ್ಟು ಕಾದು ನೋಡಿದೆವು. ಗುಣ ಕಾಣದಿದ್ದಾಗ ತಜ್ಞರ ಸಲಹೆಯಂತೆ ಶಸ್ತ್ರಚಿಕಿತ್ಸೆ ಮಾಡಿಸಿದೆವು.

ತಾಯ್ತಂದೆಗಳಿಗೆ ನನ್ನ ಬಿನ್ನಹ ಇಷ್ಟೆ. ಮಗು ನಿದ್ರಿಸುವಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿರಿ. ನೆಗಡಿಯಿಲ್ಲದ ದಿನಗಳಲ್ಲಿಯೂ ಗೊರಕೆ, ತೆರೆದ ಬಾಯಿ, ನಡುನಡುವೆ ನಿಲ್ಲುವ ಉಸಿರು, ಟಿ.ವಿ. ಸದ್ದನ್ನು ಏರಿಸುವ ಅಭ್ಯಾಸ ಇವು ಕಂಡರೆ ಕಿವಿ–ಮೂಗು–ಗಂಟಲಿನ ವೈದ್ಯರಿಗೆ ತೋರಿಸಿ, ಕೇಳ್ಮೆಯ ಪರೀಕ್ಷೆಯನ್ನೂ ಮಾಡಿಸಿರಿ. ಒಂದೇ ಹೊಳ್ಳೆಯಿಂದ ದುರ್ನಾತದ ಸಿಂಬಳ ಬರುತ್ತಿದ್ದರೆ, ಮಗು ಕಾಳನ್ನೋ ಮಣಿಯನ್ನೋ ತುರುಕಿಕೊಂಡಿರಬಹುದು. ಬಾಯಿಗೆ ಪಟ್ಟಿ ಅಂಟಿಸುವ ಹೊಸ ಹುಚ್ಚು ಮಕ್ಕಳ ಮೇಲೆ ಬೇಡವೇ ಬೇಡ. ಮೂಗು ಕಟ್ಟಿದ ಮಗುವಿಗೆ ಉಳಿದಿರುವ ದಾರಿ ಅದೊಂದೇ. ವೈದ್ಯರನ್ನು ಕೇಳದೆ ವಾರಗಟ್ಟಲೆ ಮೂಗಿಗೆ ಹನಿ ಹಾಕುವುದೂ ಸಲ್ಲದು. ಎಲ್ಲ ಮಕ್ಕಳಿಗೂ ಶಸ್ತ್ರಚಿಕಿತ್ಸೆ ಬೇಕಾಗದು. ಅನೇಕರಿಗೆ ಅಲರ್ಜಿಯ ಚಿಕಿತ್ಸೆಯೇ ಸಾಕಾಗುತ್ತದೆ.

ಬೀಚನಹಳ್ಳಿಯ ಹುಡುಗನನ್ನೂ ಮೈಸೂರಿಗೆ ಕರೆತಂದು ತೋರಿಸಿದರೆಂದು ಆ ವೈದ್ಯೆ ದೂರವಾಣಿಯಲ್ಲಿ ತಿಳಿಸಿದರು. ನನ್ನ ಮಗಳು ಆಸ್ಪತ್ರೆಯಿಂದ ಬಂದ ಕೆಲವು ದಿನಗಳ ಮೇಲೆ, ಒಂದು ಬೆಳಗ್ಗೆ ನಡುಮನೆಯಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದಳು. ಏನೆಂದು ಕೇಳಿದೆ.

“ಅಪ್ಪ, ನಮ್ಮ ಗಡಿಯಾರ ಟಿಕ್ ಟಿಕ್ ಅನ್ನುತ್ತೆ!”

ಆ ಗಡಿಯಾರ ಅವಳು ಹುಟ್ಟುವ ಮೊದಲಿನಿಂದಲೂ ಅಲ್ಲಿಯೇ ಇತ್ತು.