ಬೆಲೆಯ ಮರೆಯಲ್ಲಿ ಹಳದಿ

ಹಳದಿ ಎಲೆ ರೋಗ ತಗುಲಿದ ಅಡಿಕೆ ಮರ ಮೊದಲ ಒಂದೆರಡು ವರ್ಷ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಕೆಳಗಿನ ಎರಡು ಮೂರು ಸೋಗೆಗಳ ಗರಿತುದಿಯಲ್ಲಿ ಹಳದಿ ಕಾಣಿಸಿಕೊಂಡು ಮೆಲ್ಲಗೆ ಒಳಗೆ ಸರಿಯುತ್ತದೆ. ನಡುನರದ ಇಕ್ಕೆಲದಲ್ಲಿ ಮಾತ್ರ ಹಸಿರು ಹಾಗೇ ಉಳಿದು, ಎರಡು ಬಣ್ಣಗಳ ನಡುವೆ ಗೆರೆ ಎಳೆದಿಟ್ಟಂತಿರುತ್ತದೆ. ಬುಡ ಕೆದಕಿದರೆ ಬೇರಿನ ತುದಿ ಕಪ್ಪಿಟ್ಟು ಕೊಳೆತಿರುತ್ತದೆ. ಎಳೆಗಾಯಿ ಉದುರುತ್ತದೆ, ಉದುರದೆ ಉಳಿದದ್ದನ್ನು ಸುಲಿದರೆ ಒಳಗಿನ ಅಡಿಕೆ ಮೆತ್ತಗೆ, ಕಪ್ಪಗೆ. ವರ್ಷ ಕಳೆದಂತೆ ಮರದ ತಲೆ ಸಣ್ಣದಾಗುತ್ತದೆ. ಆದರೆ ಮರ ಬೇಗ ಸಾಯುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅರ್ಧ ಶತಮಾನ ಮೀರಿದ ಸಂಕಟದ ಮೂಲ ಇಲ್ಲೇ ಇದೆ: ಮರ ನಿಂತೇ ಇರುತ್ತದೆ.

ಕೊಳೆರೋಗದ ರೀತಿ ಬೇರೆ. ಅದು ಮಳೆಗಾಲದಲ್ಲಿ ಬಂದು ಆ ವರ್ಷದ ಫಸಲನ್ನು ನೆಲಕ್ಕೆ ಕೆಡವುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲೇ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಬೆನ್ನು ಹತ್ತಿದ್ದರು. ಮಳೆ ಹಿಡಿಯುವ ಮುನ್ನ ಗೊನೆಗೆ ಬೋರ್ಡೊ ದ್ರಾವಣ ಹೊಡೆಯುವುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಹಳದಿಗೆ ಹೊಡೆಯಲು ಔಷಧವೇ ಇಲ್ಲ. ಕೇರಳದ ಮೂವಾಟ್ಟುಪುಳ, ಚಾಲಕ್ಕುಡಿ ಕಡೆ 1914ರ ಸುಮಾರಿಗೆ ಕಾಣಿಸಿಕೊಂಡ ಈ ರೋಗಕ್ಕೆ ಕಾರಣ ಮಣ್ಣೋ, ನೀರು ಬಸಿಯದ ತೋಟವೋ, ಸೂಕ್ಷ್ಮಜೀವಿಯೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇದಕ್ಕೆ ಕಾರಣ, ರಸ ಹೀರುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ ಎಂಬುದು ಈಗ ವಿಜ್ಞಾನಿಗಳ ಮಾತು. ಬಸಿಗಾಲುವೆ ಆಳ ಮಾಡಿ, ಗೊಬ್ಬರ ಸರಿಯಾಗಿ ಕೊಟ್ಟರೆ ಮರ ಇನ್ನಷ್ಟು ವರ್ಷ ತಾಳುತ್ತದೆ, ಅಷ್ಟೆ.

ಮರದಿಂದ ಮನೆಗೆ ರೋಗ ಇಳಿಯುವ ದಾರಿ ಮಾತ್ರ ಇಷ್ಟು ನೇರವಾಗಿಲ್ಲ. ಒಂದು ಲೆಕ್ಕ ಹಾಕೋಣ. ಎಕರೆಗೆ ಸುಮಾರು 550 ಮರ, ಹತ್ತು ಕ್ವಿಂಟಲ್ ಅಡಿಕೆ ಬರುತ್ತಿದ್ದ ತೋಟ ಹಳದಿ ಹಿಡಿದು ನಾಲ್ಕಕ್ಕೆ ಇಳಿಯಿತೆನ್ನಿ. ಕ್ವಿಂಟಲಿಗೆ 15 ಸಾವಿರ ಇದ್ದಾಗ ಹತ್ತು ಕ್ವಿಂಟಲಿಗೆ ಒಂದೂವರೆ ಲಕ್ಷ. ಬೆಲೆ 50 ಸಾವಿರ ಮುಟ್ಟಿದಾಗ ನಾಲ್ಕೇ ಕ್ವಿಂಟಲಿಗೆ ಎರಡು ಲಕ್ಷ. ಮಂಡಿಯಲ್ಲಿ ಎಣಿಸಿದ ನೋಟು ಹೆಚ್ಚಾಗಿದೆ, ಹಾಗಾಗಿ ತೋಟ ಕಳೆದುಕೊಂಡದ್ದು ಮನಸ್ಸಿಗೆ ತಟ್ಟುವುದೇ ಇಲ್ಲ. 2000ದ ಆಚೀಚೆ ಬೆಲೆ ಕುಸಿದಾಗ ಈ ಸೀಮೆಯ ಸಾಲದ ಗೋಳು ಒಮ್ಮೆಲೇ ಮೇಲೆದ್ದದ್ದು ಅದಕ್ಕೇ. ಗದ್ದಲ ಬೆಲೆಯ ಹೆಸರಿನಲ್ಲಿ ಎದ್ದಿತ್ತು; ಅದರ ಅಡಿಯಲ್ಲಿ ಹಳದಿ ಆಗಲೇ ಎಷ್ಟೋ ತೋಟಗಳನ್ನು ತಿಂದು ಮುಗಿಸಿತ್ತು. ಅಡಿಕೆ ಬೆಳೆಗಾರರ ಸಂಕಷ್ಟ ಅರಿಯಲು ಕೇಂದ್ರ ನೇಮಿಸಿದ್ದ ಗೋರಖ್ ಸಿಂಗ್ ಸಮಿತಿಯ ವರದಿಯನ್ನು ಇಲ್ಲಿನ ಹಿರಿಯ ಬೆಳೆಗಾರರು ಇಂದಿಗೂ ಎತ್ತಿಕೊಂಡು ಮಾತಾಡುತ್ತಾರೆ. ಬೆಲೆ ಏರಿದ ವರ್ಷಗಳಲ್ಲಿ ಅದು ಬೇರೆ ಯಾರಿಗೂ ನೆನಪಿರಲಿಲ್ಲ.

ಬೆಳೆ ಕಮ್ಮಿಯಾದರೆ ಬೆಲೆ ಏರಿ ಬೆಳೆದವನ ಕೈ ಹಿಡಿಯಬೇಕಲ್ಲವೇ? ಅದೂ ಪೂರ್ತಿ ಆಗಲಿಲ್ಲ. ಚನ್ನಗಿರಿ, ಹೊಳಲ್ಕೆರೆ, ತರೀಕೆರೆ, ಕಡೂರು ಎಂದು ಬಯಲುಸೀಮೆಯಲ್ಲಿ ಕೊಳವೆಬಾವಿ ನೀರಿನ ಮೇಲೆ ತೋಟಗಳು ಎದ್ದಿವೆ. ಶೃಂಗೇರಿಯ ಕಣಿವೆಯಿಂದ ಎಷ್ಟು ಮೂಟೆ ಬರಲಿಲ್ಲ ಎಂದು ಮಾರುಕಟ್ಟೆಗೆ ಗೊತ್ತಾಗುವುದೇ ಇಲ್ಲ. ಬೆಲೆ ಬಂದರೆ ಲಾಭ ಬಯಲಿನ ಪೂರಾ ಫಸಲಿಗೆ, ಬಿದ್ದರೆ ಏಟು ಮಲೆನಾಡಿನ ಅರೆ ಫಸಲಿಗೆ.

ಕಾಗದಪತ್ರಗಳಿಗೂ ಈ ರೋಗ ಕಾಣುವುದಿಲ್ಲ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಎಂದೇ ಇರುತ್ತದೆ, ಗೊನೆ ಬಿಡಲಿ ಬಿಡದಿರಲಿ. ಸೊಸೈಟಿಯ ಬೆಳೆಸಾಲ ಎಕರೆ ಲೆಕ್ಕದಲ್ಲಿ ಸಿಗುತ್ತದೆ, ಸಾಲ ತೀರಬೇಕಾದದ್ದು ಮಾತ್ರ ಕ್ವಿಂಟಲ್ ಲೆಕ್ಕದಲ್ಲಿ. ಇನ್ನು ವಿಮೆ. ಅಡಿಕೆಗಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ರೈತ ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟುತ್ತಾನೆ. ಪರಿಹಾರ ತೀರ್ಮಾನವಾಗುವುದು ಮಳೆಮಾಪಕದ ಅಂಕಿಯಿಂದ, ತೋಟಕ್ಕೆ ಬಂದು ಸೋಗೆ ನೋಡಿ ಅಲ್ಲ. ಮಳೆ ಸುರಿದು ಕೊಳೆ ಬಂದ ವರ್ಷ ಒಂದಿಷ್ಟು ಹಣ ಖಾತೆಗೆ ಬಿದ್ದೀತು. ಮಳೆ ಹದವಾಗಿದ್ದು ಹಳದಿಯಿಂದ ತೋಟ ಬರಿದಾದ ವರ್ಷ ವಿಮೆಯ ಪ್ರಕಾರ ಎಲ್ಲ ಸರಿಯಾಗಿದೆ.

ಇಲ್ಲಿಯವರೆಗೆ ತೋಟದ ಯಜಮಾನನ ಪಾಡನ್ನೇ ಹೇಳಿದ್ದಾಯಿತು. ಕೊನೆ ಕೊಯ್ಯುವವರು, ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರು, ಹಂಡೆಯಲ್ಲಿ ಬೇಯಿಸಿ ಚೊಗರಿನ ಹದ ನೋಡುವವರು, ಇವರ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಗೊನೆ ಕಮ್ಮಿಯಾದಾಗ ಸುಲಿಯುವ ರಾತ್ರಿಗಳೂ ಕಮ್ಮಿಯಾಗುತ್ತವೆ. ಕೆಲಸ ಹುಡುಕಿ ಎಳೆಯರು ಬೆಂಗಳೂರಿಗೆ ಹೋದ ಮೇಲೆ, ಇದ್ದ ಗೊನೆ ಇಳಿಸಲೂ ಕೊನೆಗಾರ ಸಿಗುವುದಿಲ್ಲ. ಯಜಮಾನನ ಮಗನೂ ಅದೇ ಬಸ್ಸು ಹತ್ತಿರುತ್ತಾನೆ. ಅವನು ಕಳಿಸುವ ಸಂಬಳದಲ್ಲಿ ಅಪ್ಪ ಗೊಬ್ಬರ ಹಾಕಿಸುತ್ತಾನೆ, ತೋಟ ಉಳಿದಂತೆ ಕಾಣುತ್ತದೆ. ಊರಲ್ಲೇ ನಿಂತ ಮಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಮಲೆನಾಡಿನ ಯಾವ ಮದುವೆಮನೆಯ ಪಂಕ್ತಿಯಲ್ಲೂ ಕೇಳಿಬರುತ್ತದೆ. ಅದನ್ನು ಹಳದಿಯೊಂದರ ತಲೆಗೇ ಕಟ್ಟುವುದು ತಪ್ಪಾದೀತು, ಪೂರಾ ಬಿಟ್ಟುಬಿಡುವುದೂ ತಪ್ಪೇ.

ಆಳು ಇಲ್ಲದ ಕಡೆ ಬಸಿಗಾಲುವೆ ತುಂಬಿಕೊಳ್ಳುತ್ತದೆ, ಸೊಪ್ಪಿನಬೆಟ್ಟದಿಂದ ಸೊಪ್ಪು ಬರುವುದು ನಿಲ್ಲುತ್ತದೆ. ಸೊರಗಿದ ಬೇರು ಮತ್ತಷ್ಟು ಸೊರಗುತ್ತದೆ. ಹೀಗೆ ಮರದಿಂದ ಮನೆಗೆ ಬಂದದ್ದು ಮನೆಯಿಂದ ಮತ್ತೆ ಮರಕ್ಕೆ ಹೋಗುತ್ತದೆ. ಶೃಂಗೇರಿ ಪೇಟೆಯಲ್ಲಿ ನಿಂತರೆ ಇದರ ಸುಳಿವೂ ಸಿಗದು. ಶಾರದಾಂಬೆಯ ದರ್ಶನಕ್ಕೆ ಬಂದವರಿಂದ ಹೋಟೆಲು, ವಸತಿಗೃಹ ಭರ್ತಿ.

ಅಡಿಕೆ ಬಿಟ್ಟು ಬೇರೆ ಹಾಕಿ ಎಂದು ಹೇಳುವುದು ಸಲೀಸು. ಹಲವರು ಕಾಫಿ ಹಾಕಿದ್ದಾರೆ, ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರು ರಬ್ಬರ್ ಬೆಳೆದು ತೋರಿಸಿದ್ದಾರೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಆಯ್ದು, ಅವುಗಳಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ಕೆಲಸ ಹಿಡಿದಿದೆ. ಅಂಥ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ರೋಗ ನಿಜಕ್ಕೂ ತಡೆದೀತೇ ಎಂದು ತಿಳಿಯಲು ಇನ್ನಷ್ಟು.

ಅಲ್ಲಿಯವರೆಗೆ ಹಳೆಯ ರೋಗಿಷ್ಠ ಮರ ಕಡಿಯಬೇಕು ತಾನೆ? ಯಾರೂ ಕಡಿಯುವುದಿಲ್ಲ, ಏಕೆಂದರೆ ಅದರ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಅಡಿಕೆ ಕೈಬಿಟ್ಟ ಮನೆಯನ್ನು ಈಗ ನಡೆಸುತ್ತಿರುವುದು ಆ ಬಳ್ಳಿ. ಜಿಗಿಹುಳುವಿಗೂ ಅದೇ ಮರ ಆಸರೆ. ತೆಂಗಿನ ರೋಗಿಷ್ಠ ಮರ ತೆಗೆಸಲು ತೆಂಗು ಅಭಿವೃದ್ಧಿ ಮಂಡಳಿ ಸಹಾಯಧನ ಕೊಟ್ಟದ್ದುಂಟು. ಕಾಫಿಗೆ ಮಂಡಳಿಯಿದೆ, ರಬ್ಬರ್‌ಗೂ ಇದೆ. ಅಡಿಕೆಗೆ ಕೇಂದ್ರದಲ್ಲಿ ಅಂಥ ಮಂಡಳಿ ಇಲ್ಲ; ಹಾಗಾಗಿ ಮರ ಕಡಿದ ನಷ್ಟವನ್ನೂ ಮೆಣಸು ಹೋದ ನಷ್ಟವನ್ನೂ ಬೆಳೆಗಾರನೇ ಹೊರಬೇಕು.