ನಿಮಗಿದು ಗೊತ್ತೇ? ಹೈಪೊಸ್ಪೇಡಿಯಾಸ್ ಆಪರೇಷನ್ ನಂತರದ ಆರೈಕೆ

ಗಂಡುಮಗುವಿನ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಬದಿಯಲ್ಲಿರುವುದೇ ಹೈಪೊಸ್ಪೇಡಿಯಾಸ್. ಬೀದರ್, ಭಾಲ್ಕಿ, ಔರಾದ್‌ನ ತಾಯ್ತಂದೆಯರೇ, ಇದು ಮುಚ್ಚಿಡುವ ಸಂಗತಿಯಲ್ಲ. ಹೊಲಿಗೆ ಹಾಕುವವರು ಸರ್ಜನ್. ಅದನ್ನು ಕಾಯುವವರು ಮನೆಯವರು.

● ಸುಮಾರು 250ರಿಂದ 300 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲೇ ಆಗುವ ವ್ಯತ್ಯಾಸವಿದು. ಗ್ರಹಣ ಕಾರಣವಲ್ಲ, ತಾಯಿಯ ತಪ್ಪೂ ಅಲ್ಲ.

● ಈ ಮಕ್ಕಳ ಮುಂದೊಗಲು ಸಾಮಾನ್ಯವಾಗಿ ಕೆಳಗಡೆ ಪೂರ್ತಿ ಬೆಳೆದಿರುವುದಿಲ್ಲ. ‘ಹುಟ್ಟುತ್ತಲೇ ಸುನ್ನತ್ ಆಗಿದೆ’ ಎಂದು ಕೆಲವರು ತಿಳಿಯುವುದು ಅದಕ್ಕೇ. ಆಪರೇಷನ್‌ಗೆ ಮುಂಚೆ ಸುನ್ನತ್ ಮಾಡಿಸಬೇಡಿ: ಹೊಸ ಮೂತ್ರನಾಳಕ್ಕೆ ಹೊದಿಕೆಯಾಗಿ, ತೂತು ಬೀಳದಂತೆ ತಡೆಯಲು ಆ ತೊಗಲೇ ಬೇಕು.

● ಆಪರೇಷನ್‌ಗೆ ತಕ್ಕ ವಯಸ್ಸು ಸಾಮಾನ್ಯವಾಗಿ 6ರಿಂದ 18 ತಿಂಗಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೋ, ಕಲಬುರಗಿಗೋ ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ.

● ಆಪರೇಷನ್ ವೇಳೆ ಹಾಕಿದ ಮೂತ್ರದ ನಳಿಕೆ ಸಾಮಾನ್ಯವಾಗಿ 5ರಿಂದ 10 ದಿನ ಇರುತ್ತದೆ. ಅದು ಮಡಚದಂತೆ, ಮಗು ಎಳೆಯದಂತೆ ನೋಡಿಕೊಳ್ಳಿ. ಕಳಚಿಬಿದ್ದರೆ ನೀವೇ ತೂರಿಸಬೇಡಿ, ಸರ್ಜನ್‌ಗೆ ಫೋನ್ ಮಾಡಿ.

● ಎರಡು ಡೈಪರ್ ಹಾಕುವುದೇಕೆ? ಒಳಗಿನದು ಮಲ ಹಿಡಿಯುತ್ತದೆ. ಅದರ ರಂಧ್ರದಿಂದ ಹೊರಬಂದ ನಳಿಕೆಯ ಮೂತ್ರ ಹೊರಗಿನದಕ್ಕೆ ಹೋಗುತ್ತದೆ. ಗಾಯ ಸ್ವಚ್ಛವಾಗಿ ಉಳಿಯುತ್ತದೆ.

● ಮಲಬದ್ಧತೆಯಿಂದ ಮಗು ತಿಣುಕಿದರೆ ನೋವು, ರಕ್ತ ಒಸರುವುದು ಹೆಚ್ಚು. ಊಟ ಮಾಡುವ ಮಗುವಿಗೆ ನೀರು, ಸೊಪ್ಪು, ಪಪ್ಪಾಯಿ ಕೊಡಿ.

● ಡಾಕ್ಟರು ಹೇಳದೆ ಅರಿಶಿನ, ಎಣ್ಣೆ, ಪೌಡರ್ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಆಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ನಡುವೆ ನಿಲ್ಲಿಸಬೇಡಿ.

● ಎರಡು-ಮೂರು ವಾರ ಕಾಲಗಲಿಸಿ ಕೂರಿಸುವುದು ಬೇಡ. ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳಬೇಡಿ. ಭಾಲ್ಕಿ, ಔರಾದ್‌ನಿಂದ ಬೀದರ್‌ಗೆ ತಪಾಸಣೆಗೆ ಬರುವಾಗ ಬೈಕಿನ ಟ್ಯಾಂಕ್ ಮೇಲಂತೂ ಕೂರಿಸಲೇಬೇಡಿ. ಬಸ್ಸಿನಲ್ಲಿ ಮಡಿಲಲ್ಲಿ ಮಲಗಿಸಿಕೊಂಡು ಬನ್ನಿ.

● ಡೈಪರ್‌ನಲ್ಲಿ ನಾಲ್ಕು ಹನಿ ರಕ್ತ, ಗಾಯದ ಸುತ್ತ ಊತ ಸಾಮಾನ್ಯ. ನಿಲ್ಲದ ರಕ್ತ, ಜ್ವರ, ಕೀವು, ದುರ್ವಾಸನೆ, ಅಥವಾ ಗಂಟೆಗಟ್ಟಲೆ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿದರೆ ಬೆಳಗಾಗಲೆಂದು ಕಾಯದೆ ಹೊರಡಿ. 108 ಆಂಬುಲೆನ್ಸ್ ಇದೆ.

● ಗಾಯ ಮಾಗಿದ ಮೇಲೆ ಮಗು ಉಚ್ಚೆ ಹೊಯ್ಯುವುದನ್ನು ಗಮನಿಸಿ. ಎರಡು ಕಡೆಯಿಂದ ಬಂದರೆ ಫಿಸ್ಟುಲಾ, ಅಂದರೆ ತೂತು, ಆಗಿರಬಹುದು. ದಾರದಂತೆ ಸಣ್ಣಗೆ, ತಿಣುಕಿ ಬಂದರೆ ದ್ವಾರ ಕಿರಿದಾಗಿರಬಹುದು. ವಿಡಿಯೊ ತೆಗೆದು ಡಾಕ್ಟರಿಗೆ ತೋರಿಸಿ.

● ಫಿಸ್ಟುಲಾ ಆದರೆ ಎದೆಗುಂದಬೇಡಿ. ಅಂಗಾಂಶ ಮೆತ್ತಗಾಗಲು ಸಾಮಾನ್ಯವಾಗಿ 6 ತಿಂಗಳು ಬಿಟ್ಟು ಮತ್ತೆ ಸರಿಪಡಿಸುತ್ತಾರೆ. ಅವಸರ ಮಾಡಿದರೆ ಮತ್ತೆ ತೂತಾಗುವ ಭಯ ಹೆಚ್ಚು.

● ನಾಳ ಕಿರಿದಾಗುವುದು, ಶಿಶ್ನದ ಬಾಗು ಮರಳುವುದು ವರ್ಷಗಳ ನಂತರವೂ ಕಾಣಿಸಬಹುದು. ಮೀಸೆ ಚಿಗುರುವ ವಯಸ್ಸಿನವರೆಗೂ ತಪಾಸಣೆ ತಪ್ಪಿಸಬೇಡಿ, ಡಿಸ್ಚಾರ್ಜ್ ಚೀಟಿ ಕಳೆಯಬೇಡಿ. ಮಗನಿಗೆ ತಿಳಿವಳಿಕೆ ಬಂದಾಗ ನಡೆದದ್ದನ್ನು ಅಂಜದೆ ಹೇಳಿ: ತೊಂದರೆಯಾದರೆ ಮೊದಲು ಹೇಳಬೇಕಾದವನು ಅವನೇ.