ಕಂಪ್ಯೂಟರ್ ಬಂದರೆ ಸಾಲದು, ಬೀಗದ ಕೈ ಯಾರ ಬಳಿ ಇದೆ?



ಸುಮಾರು 25 ವರ್ಷಗಳ ಹಿಂದಿನ ಮಾತು. ಪುದುಚೇರಿಯ ಕೀಳೂರು ಎಂಬ ಹಳ್ಳಿಯಲ್ಲಿ ಒಂದು ಹಸು ಕರು ಹಾಕಲಾಗದೆ ಐದು ದಿನ ನರಳಿತು. ಪಶುವೈದ್ಯರು ಎಲ್ಲಿ ಸಿಗುತ್ತಾರೆಂದು ಒಡತಿಗೆ ತಿಳಿಯಲಿಲ್ಲ. ಕೊನೆಗೆ ಊರಿನ ಕಂಪ್ಯೂಟರ್ ಕೇಂದ್ರದ ಪಟ್ಟಿಯಲ್ಲಿ ಸುತ್ತಮುತ್ತಲಿನ ವೈದ್ಯರ ಹೆಸರುಗಳು ಸಿಕ್ಕವು. ಅಂದೇ ರಾತ್ರಿ ಒಬ್ಬ ವೈದ್ಯರು ಬಂದು, ಬಲ್ಬಿನ ಬೆಳಕಿನಲ್ಲಿ ಕರುವಿನ ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದರು. ಹಸು ಬದುಕಿತು.

ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಿದ್ದರೆ ವೈದ್ಯರನ್ನು ಕರೆಯಿರಿ ಎಂದು ನಾವು ಹೇಳುತ್ತಲೇ ಇರುತ್ತೇವೆ. ಅಲ್ಲಿ ಐದು ದಿನ ಕಳೆದದ್ದು ವೈದ್ಯರಿಲ್ಲದೆ ಅಲ್ಲ, ಇದ್ದ ವೈದ್ಯರ ವಿಷಯ ಆ ಮನೆಗೆ ಮುಟ್ಟದೆ.

ಆ ಕೇಂದ್ರವನ್ನು ಆರಂಭಿಸಿದ್ದು ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ. 1998ರಿಂದ ಪುದುಚೇರಿಯ ಹಳ್ಳಿಗಳಲ್ಲಿ ಇಂಥ ಕೇಂದ್ರಗಳು ಶುರುವಾದವು. ಪ್ರತಿಷ್ಠಾನ ಯಂತ್ರ ಮತ್ತು ತರಬೇತಿ ಕೊಡುತ್ತಿತ್ತು. ಊರಿನವರು ಬಾಡಿಗೆಯಿಲ್ಲದ ಕೋಣೆ ಮತ್ತು ನಡೆಸಲು ಸ್ವಯಂಸೇವಕರನ್ನು ಕೊಡಬೇಕಿತ್ತು. ಯಾವುದೇ ಜಾತಿಯವರು ಒಳಗೆ ಬರುವಂತಿರಬೇಕು ಎಂಬುದು ಮುಖ್ಯ ಷರತ್ತು. ಕಂಪ್ಯೂಟರಿನಲ್ಲಿ ಮಾಹಿತಿ ತಮಿಳಿನಲ್ಲಿತ್ತು. ಓದು ಬಾರದವರಿಗೆ ಧ್ವನಿವರ್ಧಕದಲ್ಲಿ ಹೇಳುತ್ತಿದ್ದರು. ಕರೆಂಟು ಹೋದಾಗ ಸೌರಶಕ್ತಿ ನೆರವಿಗೆ ಬರುತ್ತಿತ್ತು. ಎಂಬಲಂ ಎಂಬ ಊರಿನಲ್ಲಿ ದೇವಸ್ಥಾನದ ಕಟ್ಟಡದಲ್ಲಿದ್ದ ಕೇಂದ್ರವನ್ನು ನಡೆಸಿದವರು ಹೆಣ್ಣುಮಕ್ಕಳೇ. ಊರಿನವರೇ ಕಲಿತು ಊರಿನವರಿಗೆ ಹೇಳಿಕೊಟ್ಟಿದ್ದರಿಂದ ಹೆಂಗಸರು ಅಂಜದೆ ಒಳಗೆ ಬಂದರು.

ಇನ್ನೊಂದು ಪಾಠ ಕೇರಳದ ಮಲಪ್ಪುರಂ ಜಿಲ್ಲೆಯದು. 2002ರಲ್ಲಿ ಅಲ್ಲಿ 'ಅಕ್ಷಯ' ಯೋಜನೆ ಶುರುವಾಯಿತು. ಮನೆಗೊಬ್ಬರಿಗೆ ಕಂಪ್ಯೂಟರ್ ಪರಿಚಯ ಮಾಡಿಸುವುದು ಗುರಿ. ಒಬ್ಬರ ಶುಲ್ಕ 140 ರೂಪಾಯಿ. ಅದರಲ್ಲಿ 120 ರೂಪಾಯಿಯನ್ನು ಪಂಚಾಯಿತಿಗಳು ಭರಿಸಿದವು, ಮನೆಯವರು ಕೊಟ್ಟದ್ದು 20 ರೂಪಾಯಿ. ಊರಿನ ಯುವಕ ಯುವತಿಯರು ಸಾಲ ಮಾಡಿ ಕೇಂದ್ರ ತೆರೆದರು. ತರಬೇತಿ ನಡೆಯುವಷ್ಟು ದಿನ ವರಮಾನವಿತ್ತು. ಎಲ್ಲರೂ ಕಲಿತು ಮುಗಿದ ಮೇಲೆ ಶುಲ್ಕ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಕೆಲವರು ಬಾಗಿಲು ಹಾಕಿದರು. ಬಿಲ್ಲು ಕಟ್ಟಿಸಿಕೊಳ್ಳುವುದು, ಅರ್ಜಿ, ಪ್ರಮಾಣಪತ್ರ ಎಂದು ದಿನನಿತ್ಯದ ಕೆಲಸ ಹಿಡಿದವರು ಉಳಿದರು. ಇಂದು ಅಕ್ಷಯ ಕೇಂದ್ರಗಳು ಕೇರಳದ ಎಲ್ಲ ಜಿಲ್ಲೆಗಳಲ್ಲಿವೆ.

ಈ ಎರಡು ಊರಿನ ಕಥೆ ನಮಗೇಕೆ? ಮೊನ್ನೆ ಬಂಜೆತನ ತಪಾಸಣಾ ಶಿಬಿರದಲ್ಲಿ ಒಬ್ಬ ಅಕ್ಕ ಹಾಲಿನ ಚೀಟಿ ನನ್ನ ಕೈಗಿಟ್ಟು, "ಡಾಕ್ಟ್ರೇ, ಇದ್ರಲ್ಲಿ ಏನ್ ಬರ್ದದೆ ನೋಡಿ" ಎಂದರು. ಹತ್ತು ವರ್ಷದಿಂದ ಎರಡು ಹೊತ್ತೂ ಹಾಲು ಹಾಕುತ್ತಿರುವವರು. ಜಿಡ್ಡಿನಂಶ, ಎಸ್‌ಎನ್‌ಎಫ್, ದರ ಎಲ್ಲವೂ ಚೀಟಿಯಲ್ಲಿತ್ತು. ಪ್ರೋತ್ಸಾಹಧನ ಬಂತೇ ಎಂದು ಕೇಳಿದೆ. "ಫೋನು ಮಗನ ಹತ್ರ ಅದೆ, ಅವನ್ಗೇ ಗೊತ್ತು" ಎಂದರು. ಹಸು ಅವರದು, ದುಡಿಮೆ ಅವರದು, ಖಾತೆಯೂ ಅವರ ಹೆಸರಿನಲ್ಲೇ ಇದೆ.

ಹೊಸ ಕೇಂದ್ರಕ್ಕೆ ಬೇಕಾದದ್ದರಲ್ಲಿ ಅರ್ಧ ನಿಮ್ಮ ಸಂಘದಲ್ಲಿ ಈಗಲೇ ಇದೆ: ಕಟ್ಟಡ, ಕರೆಂಟು, ಕಂಪ್ಯೂಟರ್ ಬಲ್ಲ ಕಾರ್ಯದರ್ಶಿ ಅಥವಾ ಹಾಲು ಪರೀಕ್ಷಕಿ, ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೆರಡು ಸಲ ಬರುವ ನೀವು. ಬೆಳಗಿನ ಹಾಲು ಹೋದ ಮೇಲೆ ಸಂಜೆಯವರೆಗೆ ಕೋಣೆ ಖಾಲಿ. ಆದರೆ ಹಾಲಿನ ಲೆಕ್ಕದ ಕಂಪ್ಯೂಟರಿನಲ್ಲಿ ಕಲಿಕೆ ಬೇಡ. ಕೈತಪ್ಪಿ ಲೆಕ್ಕ ಅಳಿದರೆ ಇಡೀ ಊರಿಗೆ ತೊಂದರೆ. ಹಳೆಯದಾದರೂ ಸರಿ, ಬೇರೆ ಯಂತ್ರ ಇರಲಿ.

ಖರ್ಚಿನ ಲೆಕ್ಕ ಮೊದಲೇ ಹಾಕಿ. ನೂರು ಸದಸ್ಯೆಯರು ತಿಂಗಳಿಗೆ ಹತ್ತು ರೂಪಾಯಿ ಕೊಟ್ಟರೆ ಸಾವಿರ ರೂಪಾಯಿ ಆಗುತ್ತದೆ. ಇಂಟರ್ನೆಟ್ಟಿಗೆ ಕೊಟ್ಟು ಉಳಿದದ್ದನ್ನು ದುರಸ್ತಿಗೆಂದು ಬೇರೆ ಖಾತೆಯಲ್ಲಿಡಿ. ದಾನಿಗಳು ಯಂತ್ರ ಕೊಟ್ಟಾರು, ಮೂರನೇ ವರ್ಷ ಕೆಟ್ಟ ಬ್ಯಾಟರಿಗೆ ಕೈಬಿಚ್ಚುವವರು ಯಾರೂ ಇರುವುದಿಲ್ಲ. ಹೇಳಿಕೊಡುವ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೂ ಪಾಠ ನಿಲ್ಲದಂತೆ ಇಬ್ಬರನ್ನು ತಯಾರು ಮಾಡಿ.

ಮೊದಲ ಪಾಠ ಟೈಪಿಂಗ್ ಆಗಬೇಕಿಲ್ಲ. ನಿಮ್ಮದೇ ಹಾಲಿನ ಚೀಟಿ ಓದುವುದರಿಂದ ಶುರು ಮಾಡಿ. ಆಮೇಲೆ ಬ್ಯಾಂಕ್ ಖಾತೆಗೆ ಬಂದ ಹಣ ನೋಡುವುದು, ರಾಸಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಗುರುತು ಹಾಕಿಕೊಳ್ಳುವುದು, ಗರ್ಭಧಾರಣೆಯ ದಿನಾಂಕ ಬರೆದಿಡುವುದು, ತುರ್ತಿಗೆ 1962ಕ್ಕೆ ಕರೆ ಮಾಡುವುದು. ಬ್ಯಾಂಕಿನಿಂದ ಬರುವ ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದು ಎಂಬುದೂ ಪಾಠದಲ್ಲಿ ಇರಲೇಬೇಕು.

ಇದು ಒಕ್ಕೂಟದ ಆದೇಶವಲ್ಲ, ನನ್ನ ಸಲಹೆ. ಮುಂದಿನ ಸಭೆಯಲ್ಲಿ ವಿಷಯ ಎತ್ತಿ. ಯಂತ್ರ ಎಲ್ಲಿಂದ ತರುವುದು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಬೀಗದ ಕೈ ಯಾರ ಬಳಿ ಇರುತ್ತದೆ? ಕೆಟ್ಟರೆ ದುಡ್ಡು ಎಲ್ಲಿಂದ ಬರುತ್ತದೆ? ಊರಿನ ಕೊನೆಯ ಮನೆಯ ಹೆಣ್ಣುಮಗಳು ಒಳಗೆ ಬಂದು ಕೂರುತ್ತಾಳೆಯೇ? ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಯಂತ್ರದ ಮಾತಾಡೋಣ.